28 ಥ್ರೆಡ್‌ಗೆ ಮರುಳಾದೆ: ಹಳೇ ಜಿಯಾನ್ ಕೊಳ್ಳೋ ಮುಂಚೆ ಇದನ್ನ ಓದಿ

ಮದುವೆ ವಿಡಿಯೋ ಎಡಿಟಿಂಗ್, ಆಲ್ಬಮ್ ಡಿಸೈನ್ ಮಾಡುವವರು ಯಾರಾದರೂ ಇಂಟೆಲ್ ಜಿಯಾನ್ ಅನ್ನೋ ಹಳೇ ಸರ್ವರ್ ಪ್ರೊಸೆಸರ್ ಹಾಕಿದ ಕಂಪ್ಯೂಟರ್ ಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. 2025ರ ಆಷಾಢದಲ್ಲಿ ನಾನು ಕೊಂಡೆ. ಕಾರ್ತಿಕ ಬರುವಷ್ಟರಲ್ಲಿ ಇನ್ನೊಂದು ಕಂಪ್ಯೂಟರಿಗೆ ದುಡ್ಡು ಹೊಂದಿಸಬೇಕಾಯಿತು.

ನನ್ನದು ತಿಪಟೂರಿನಲ್ಲಿ ಒಂದು ಸಣ್ಣ ಸ್ಟುಡಿಯೋ. ಆಷಾಢದಲ್ಲಿ ಮದುವೆ ಇಲ್ಲ, ನೊಣ ಹೊಡೆಯೋ ಕಾಲ. ಹಳೇ ಕಂಪ್ಯೂಟರ್ ಎಂಟು ವರ್ಷ ದುಡಿದು ಸುಸ್ತಾಗಿತ್ತು. ಶ್ರಾವಣದ ಸೀಸನ್ನಿಗೆ ಮೊದಲೇ ಬದಲಾಯಿಸೋಣ ಎಂದು ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕೈಯಲ್ಲಿದ್ದದ್ದು 35 ಸಾವಿರ.

ಮೂರು ಅಂಗಡಿಯಲ್ಲಿ ಇಂಟೆಲ್‌ನ ಮನೆ ಬಳಕೆಯ ಹೊಸ ಐ5 ಪ್ರೊಸೆಸರ್ ಹಾಕಿದ ಸೆಟ್ ಕೇಳಿದೆ. ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಎಲ್ಲ ಕಡೆಯೂ ಬಜೆಟ್ ಮೀರುತ್ತಿತ್ತು. ನಾಲ್ಕನೇ ಅಂಗಡಿಯವನು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡ ಅನ್ಸುತ್ತೆ. "ಸರ್, ಆರು ಕೋರಿಗೆ ಯಾಕೆ ಅಷ್ಟು ದುಡ್ಡು ಸುರೀತೀರಾ? ಇಲ್ಲಿ ನೋಡಿ, 14 ಕೋರ್, 28 ಥ್ರೆಡ್. ಹೊಸದಾಗಿ ಬಂದಾಗ ಇದೊಂದಕ್ಕೇ ಲಕ್ಷದ ಮೇಲಿತ್ತು" ಎಂದ.

ಕೋರ್ ಅಂದ್ರೆ ಪ್ರೊಸೆಸರ್ ಒಳಗಿನ ಕೆಲಸಗಾರ, ಥ್ರೆಡ್ ಅಂದ್ರೆ ಅವನು ಒಟ್ಟಿಗೆ ಹಿಡಿಯುವ ಕೆಲಸದ ಎಳೆ. ಅಂಗಡಿಯವನು ಸುಳ್ಳೇನೂ ಹೇಳಲಿಲ್ಲ. ಅವನು ತೋರಿಸಿದ್ದು ಇಂಟೆಲ್ ಜಿಯಾನ್ ಇ5-2680 ವಿ4. 2016ರಲ್ಲಿ ಬಂದಾಗ ಅದರ ಪಟ್ಟಿ ಬೆಲೆ 1,745 ಡಾಲರ್. ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ಗಳಲ್ಲಿ ಕೂರಿಸಲೆಂದೇ ಮಾಡಿದ್ದು. ಆ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಸರ್ವರ್‌ಗಳನ್ನ ರಾಶಿಗಟ್ಟಲೆ ತೆಗೆದುಹಾಕುತ್ತವೆ. ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಹಾಗಾಗಿ ಅವು ತೂಕದ ಲೆಕ್ಕದಲ್ಲಿ ಮಾರುಕಟ್ಟೆಗೆ ಬಂದು, ಚೀನಾದಲ್ಲಿ ತಯಾರಾದ ಬೋರ್ಡ್‌ಗಳ ಮೇಲೆ ಕೂತು, ನಮ್ಮಂಥವರ ಮುಂದೆ ಹೊಸ ಡಬ್ಬದಲ್ಲಿ ನಿಲ್ಲುತ್ತವೆ.

ನನಗೆ ಅನುಮಾನ ಬಂದದ್ದು ನಿಜ. "ಓಡಿಸಿ ತೋರಿಸಿ" ಎಂದೆ. ಅಂಗಡಿಯವನು ಸಿನಿಬೆಂಚ್ ಹಚ್ಚಿದ. ನೋಡದವರಿಗೆ ಹೇಳುತ್ತೇನೆ: ಅದು ಪ್ರೊಸೆಸರ್‌ಗೆ ಒಂದು ಚಿತ್ರ ಬಿಡಿಸಲು ಕೊಡುತ್ತದೆ. ಎಷ್ಟು ಥ್ರೆಡ್ ಇದೆಯೋ ಅಷ್ಟು ಪುಟ್ಟ ಚೌಕಗಳು ಪರದೆ ಮೇಲೆ ಒಟ್ಟಿಗೆ ಓಡಾಡುತ್ತಾ ಚಿತ್ರ ತುಂಬುತ್ತವೆ. ನನ್ನ ಹಳೇ ಕಂಪ್ಯೂಟರಿನಲ್ಲಿ ನಾಲ್ಕು ಚೌಕ ಬರುತ್ತಿದ್ದವು. ಇಲ್ಲಿ 28. ಇರುವೆ ಗೂಡಿಗೆ ಬೆಲ್ಲ ಹಾಕಿದ ಹಾಗೆ. ಕಣ್ಣು ತುಂಬಿ ಬಂತು ನನಗೆ! ಬೋರ್ಡ್, ಪ್ರೊಸೆಸರ್, ಕೂಲರ್, 32 ಜಿಬಿ ರ‍್ಯಾಮ್ ಸೇರಿ 14,500. ಅದರ ಮೇಲೆ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್, ಕ್ಯಾಬಿನೆಟ್. ಒಟ್ಟು 32 ಸಾವಿರ ಕೊಟ್ಟು, ಬಿಳಿ ಚೀಟಿಯಲ್ಲಿ ಬರೆದ ಬಿಲ್ ತಗೊಂಡು, ಒಂದು ತಿಂಗಳ ಟೆಸ್ಟಿಂಗ್ ವಾರಂಟಿಯ ಮಾತು ನಂಬಿ ರೈಲು ಹತ್ತಿದೆ.

ಅದೇ ಸಿನಿಬೆಂಚ್‌ನಲ್ಲಿ ಸಿಂಗಲ್ ಕೋರ್ ಅಂತ ಇನ್ನೊಂದು ಪರೀಕ್ಷೆ ಇರುತ್ತದೆ. ಅವನು ಅದನ್ನ ಒತ್ತಲಿಲ್ಲ. ನನಗೆ ಕೇಳಬೇಕು ಅಂತ ಗೊತ್ತಿರಲಿಲ್ಲ.

ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ತೋಟದಲ್ಲಿ ಸಾವಿರ ತೆಂಗಿನಕಾಯಿ ರಾಶಿ ಬಿದ್ದಿದೆ, ಸುಲಿಯಬೇಕು. ಹದಿನಾಲ್ಕು ಆಳು ಬಂದರೆ ಹದಿನಾಲ್ಕು ಕಡೆ ಕೂತು ಸುಲಿದು ಬಿಸಾಕುತ್ತಾರೆ. ಆದರೆ ಒಂದು ಮರದಿಂದ ಎಳನೀರು ಇಳಿಸಬೇಕು ಅಂದ್ರೆ? ಹತ್ತೋದು ಒಬ್ಬನೇ. ಮಿಕ್ಕ ಹದಿಮೂರು ಜನ ಕೆಳಗೆ ನಿಂತು ಬೀಡಿ ಸೇದಬೇಕು. ಅಂಗಡಿಯಲ್ಲಿ ನನಗೆ ತೋರಿಸಿದ್ದು ಕಾಯಿ ಸುಲಿಯೋ ಕೆಲಸ. ಸ್ಟುಡಿಯೋದಲ್ಲಿ ನಾನು ದಿನವಿಡೀ ಮಾಡೋದು ಬಹುಪಾಲು ಮರ ಹತ್ತೋ ಕೆಲಸ.

ಫೋಟೋಶಾಪ್‌ನಲ್ಲಿ 12x36ರ ಆಲ್ಬಮ್ ಶೀಟ್ ತೆಗೆದ ಮೊದಲ ದಿನವೇ ಇದು ಗೊತ್ತಾಯಿತು. ಮುಖ, ಮೈಯ ಆಕಾರ ತಿದ್ದುವ ಲಿಕ್ವಿಫೈ ಹಾಕಿ ಬ್ರಷ್ ಎಳೆದರೆ ಕೈ ಮುಂದೆ, ಚಿತ್ರ ಹಿಂದೆ. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆ. 28 ಪುಟ್ಟ ಡಬ್ಬಿಗಳ ಸಾಲು. ಒಂದೋ ಎರಡೋ ಡಬ್ಬಿ ಕತ್ತಿನವರೆಗೆ ತುಂಬಿವೆ, ಮಿಕ್ಕವು ಖಾಲಿ. ಈ ಪ್ರೊಸೆಸರ್‌ನ ಮೂಲ ವೇಗ 2.4 ಗಿಗಾಹರ್ಟ್ಸ್, ಒಂದೆರಡು ಕೋರ್ ಮಾತ್ರ ದುಡಿಯುವಾಗ ಹೆಚ್ಚೆಂದರೆ 3.3. ಅದೇ ಹೊಸ ಐ5-12400 ಒಂದು ಕೋರನ್ನ 4.4ರ ತನಕ ಓಡಿಸುತ್ತದೆ. ಬರೀ ಗಿಗಾಹರ್ಟ್ಸ್ ಅಲ್ಲ, ಆರು ವರ್ಷ ಹೊಸ ವಿನ್ಯಾಸವಾದ್ದರಿಂದ ಪ್ರತಿ ಹರ್ಟ್ಸ್‌ಗೂ ಜಾಸ್ತಿ ಕೆಲಸ ತೆಗೆಯುತ್ತದೆ. ಆಮೇಲೆ ಎರಡೂ ನನ್ನ ಮೇಜಿನ ಮೇಲಿದ್ದಾಗ ಆ ಸಿಂಗಲ್ ಕೋರ್ ಪರೀಕ್ಷೆ ಓಡಿಸಿದೆ. ಐ5 ಹತ್ತಿರ ಹತ್ತಿರ ಎರಡರಷ್ಟು ಅಂಕ ತೆಗೆಯಿತು. ಇನ್ನೂ ಹೊಟ್ಟೆ ಉರಿದದ್ದು ಎಲ್ಲಿ ಗೊತ್ತಾ? ಎಲ್ಲ ಕೋರ್ ಸೇರಿಸಿ ಓಡಿಸಿದಾಗಲೂ ಆರು ಕೋರಿನ ಐ5, ಹದಿನಾಲ್ಕು ಕೋರಿನ ಜಿಯಾನ್‌ಗೆ ಹೆಚ್ಚೂ ಕಡಿಮೆ ಸಮಕ್ಕೆ ಬಂತು.

ಆದರೂ ಆಲ್ಬಮ್ ಕೆಲಸ ಹೇಗೋ ನಡೆಯುತ್ತಿತ್ತು. ನಿಜವಾದ ಪೆಟ್ಟು ಬಿದ್ದದ್ದು ವಿಡಿಯೋದಲ್ಲಿ.

ಶ್ರಾವಣಕ್ಕೆ ಹೊಸ ಕ್ಯಾಮೆರಾ ಕೂಡ ತಗೊಂಡಿದ್ದೆ. ಅದು 4ಕೆ ವಿಡಿಯೋವನ್ನ ಎಚ್.265 ಅನ್ನೋ ಬಿಗಿಯಾಗಿ ಒತ್ತಿ ಕಟ್ಟುವ ವಿಧಾನದಲ್ಲಿ, ಬಣ್ಣದ ವಿವರ ಜಾಸ್ತಿ ಹಿಡಿಯುವ 10 ಬಿಟ್ 4:2:2ರಲ್ಲಿ ಬರೆಯುತ್ತದೆ. ಬಣ್ಣ ತಿದ್ದಲು ಅದ್ಭುತ. ಆದರೆ ಬಿಚ್ಚಲು ಕಂಪ್ಯೂಟರಿಗೆ ಬಹಳ ಕಷ್ಟದ ಗಂಟು. ಮೊದಲ ಮದುವೆ ಮುಗಿಸಿ ಬಂದು ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಟೈಮ್‌ಲೈನ್‌ಗೆ ಹಾಕಿದೆ. ಗಟ್ಟಿಮೇಳ ಜೋರಾಗಿ ಕೇಳುತ್ತಿದೆ, ಓಲಗದವರು ಊದುತ್ತಿದ್ದಾರೆ, ಹುಡುಗನ ಕೈಯಲ್ಲಿ ತಾಳಿ ಮಾತ್ರ ಗಾಳಿಯಲ್ಲೇ ನಿಂತಿದೆ. ಮೂರು ಸೆಕೆಂಡ್ ಆದಮೇಲೆ ಚಿತ್ರ ಒಮ್ಮೆಲೇ ಜಿಗಿಯಿತು. ತಾಳಿ ಕಟ್ಟಿಯೂ ಆಗಿತ್ತು, ಅಕ್ಷತೆ ಬಿದ್ದೂ ಆಗಿತ್ತು. ಕಟ್ ಎಲ್ಲಿ ಹಾಕೋದು?

ಸಾಫ್ಟ್‌ವೇರ್ ಸಮಸ್ಯೆ ಅಂತ ಎರಡು ದಿನ ಒದ್ದಾಡಿದೆ. ಮತ್ತೆ ಹಾಕಿದೆ, ಡ್ರೈವರ್ ಬದಲಾಯಿಸಿದೆ, ಎಸ್‌ಎಸ್‌ಡಿ ಅನುಮಾನಿಸಿದೆ. ಕೊನೆಗೆ ಹಾಸನದಲ್ಲಿ ಇದೇ ಕೆಲಸ ಮಾಡುವ ಗೆಳೆಯ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದ: "ನಿನ್ನ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇದೆಯೇನೋ?"

ಇರಲಿಲ್ಲ. ಈ ಇ5 ಜಿಯಾನ್‌ಗಳಲ್ಲಿ ಇರೋದೇ ಇಲ್ಲ. ಸರ್ವರ್ ಕೋಣೆಯಲ್ಲಿ ಮಾನಿಟರ್ ಯಾರು ನೋಡುತ್ತಾರೆ?

ಮನೆ ಬಳಕೆಯ ಇಂಟೆಲ್ ಪ್ರೊಸೆಸರ್‌ಗಳ ಒಳಗೆ ಒಂದು ಪುಟ್ಟ ಗ್ರಾಫಿಕ್ಸ್ ಭಾಗ ಇರುತ್ತದೆ. ಅದರಲ್ಲಿ ವಿಡಿಯೋ ಬಿಚ್ಚೋದಕ್ಕೇ ಮೀಸಲಾದ ಒಂದು ಯಂತ್ರ, ಕ್ವಿಕ್ ಸಿಂಕ್ ಅಂತ. ಆಟ ಆಡುವವರು ಅದನ್ನ ಕಾಲ ಕಸ ಮಾಡುತ್ತಾರೆ. ನಮ್ಮ ಕೆಲಸಕ್ಕೆ ಅದೇ ಕುಲದೇವರು. 12ನೇ ಪೀಳಿಗೆಯ ಐ5ರಲ್ಲಿರುವ ಕ್ವಿಕ್ ಸಿಂಕ್ ಈ 10 ಬಿಟ್ 4:2:2 ಎಚ್.265ನ್ನ ಬೆವರದೆ ಬಿಚ್ಚುತ್ತದೆ. ನನ್ನ 1050 ಟಿಐ ಕಾರ್ಡ್ ಬಿಚ್ಚಲ್ಲ. ಹೋಗಲಿ, ದುಬಾರಿ ಎನ್‌ವಿಡಿಯಾ ಕಾರ್ಡ್ ಹಾಕಿದರೂ ಆರ್‌ಟಿಎಕ್ಸ್ 50 ಸಾಲಿಗಿಂತ ಹಿಂದಿನ ಯಾವುದೂ 4:2:2 ಬಿಚ್ಚಲ್ಲ. ಇದನ್ನ ಕೇಳಿದಾಗ ನಾನು ಕೂತಲ್ಲೇ ಕೂತೆ. ಒಳಗೆ 14 ಕೋರ್‌ಗಳು ಪಾಪ, ಆ ಗಂಟನ್ನ ಉಗುರಿನಲ್ಲಿ ಬಿಚ್ಚುತ್ತಾ ಕೂತಿದ್ದವು.

ಪ್ರಾಕ್ಸಿ (ಎಡಿಟಿಂಗ್‌ಗಷ್ಟೇ ಬಳಸುವ ಹಗುರ ನಕಲು) ಮಾಡಿಕೊಳ್ಳಿ ಎಂದು ಕೆಲವರು ಹೇಳುತ್ತೀರಿ. ಮಾಡಿದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ತಯಾರು. ಆದರೆ ಈಗಿನ ಗಿರಾಕಿಗಳಿಗೆ ಮುಹೂರ್ತ ಬೆಳಿಗ್ಗೆ ಆದರೆ ಟೀಸರ್ ಸಂಜೆ ಆರತಕ್ಷತೆಯ ಎಲ್‌ಇಡಿ ಪರದೆ ಮೇಲೆ ಓಡಬೇಕು. ಪ್ರಾಕ್ಸಿಗೆ ಕಾಯೋರು ಯಾರು? ಆ ಸೀಸನ್ನಿನಲ್ಲಿ ಎರಡು ಟೀಸರ್ ತಡವಾಗಿ ಕೊಟ್ಟೆ. ಒಂದು ಮನೆಯವರು ಬಾಕಿ ದುಡ್ಡಿನಲ್ಲಿ ನಾಲ್ಕು ಸಾವಿರ ಮುರಿದುಕೊಂಡರು. ಅವರ ತಪ್ಪಲ್ಲ ಬಿಡಿ.

ಬೋರ್ಡಿನ ಕಥೆ ಬೇರೆ. ಡಬ್ಬದ ಮೇಲೆ ಎಕ್ಸ್99 ಅಂತ ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ಒಳಗಿನ ಭಾಗಗಳ ವಿವರ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಒಳಗಿರುವ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನ ಜೋಡಿಸುವ ಚಿಪ್) ಬಿ85. ಅಂದ್ರೆ ಯಾವುದೋ ಹಳೇ ಆಫೀಸ್ ಕಂಪ್ಯೂಟರಿನ ಬೋರ್ಡಿನಿಂದ ಕಿತ್ತು ಇಲ್ಲಿ ಅಂಟಿಸಿದ್ದಾರೆ. ಸ್ಲೀಪ್‌ಗೆ ಹಾಕಿದರೆ ಏಳಲ್ಲ, ಸ್ವಿಚ್ಚೇ ಒತ್ತಬೇಕು. ಬೋರ್ಡಿನ ಮೂಲ ಸಾಫ್ಟ್‌ವೇರ್ ಆದ ಬಯಾಸ್‌ನ ಅಪ್‌ಡೇಟ್ ಎಲ್ಲಿ ಸಿಗುತ್ತೆ ಎಂದು ಅಂಗಡಿಯವನನ್ನ ಕೇಳಿದರೆ "ಅದಕ್ಕೆಲ್ಲ ಕೈ ಹಾಕ್ಬೇಡಿ ಸರ್" ಎಂದ. ನಾಲ್ಕು ರ‍್ಯಾಮ್ ಸ್ಲಾಟ್ ಇವೆ, ಪ್ರೊಸೆಸರ್‌ಗೂ ನಾಲ್ಕು ದಾರಿಯಲ್ಲಿ ಒಟ್ಟಿಗೆ ರ‍್ಯಾಮ್ ಮುಟ್ಟುವ ಶಕ್ತಿ ಇದೆ. ಆದರೆ ನನಗೆ ಕೊಟ್ಟದ್ದು 32 ಜಿಬಿಯ ಒಂದೇ ಸ್ಟಿಕ್. ನಾಲ್ಕು ಬಾಗಿಲಿನ ಛತ್ರದಲ್ಲಿ ಒಂದೇ ಬಾಗಿಲು ತೆಗೆದು ಊಟಕ್ಕೆ ಬಿಟ್ಟ ಹಾಗೆ.

ಯುಪಿಎಸ್ ಕೂಡ ಮುನಿಸಿಕೊಂಡಿತು. ನನ್ನದು ಹಳೇ 600 ವಿಎ. ಎಕ್ಸ್‌ಪೋರ್ಟ್ ಓಡುವಾಗ ಕರೆಂಟ್ ಹೋದರೆ ಒಂದು ಸಲ ಕೂಗಿ ಸತ್ತುಹೋಗುತ್ತಿತ್ತು. ಪ್ಲಗ್ಗಿಗೆ ಮೀಟರ್ ಹಾಕಿ ಅಳೆದೆ. ಏನೂ ಕೆಲಸವಿಲ್ಲದೆ ಸುಮ್ನೆ ಕೂತಿದ್ದಾಗ ಜಿಯಾನ್ ಕಂಪ್ಯೂಟರ್ 95 ವಾಟ್ ಎಳೆಯುತ್ತಿತ್ತು. ಅದೇ ಕಾರ್ಡ್ ಹಾಕಿದ ಐ5, 45. ದಿನಕ್ಕೆ ಹನ್ನೆರಡು ಗಂಟೆ ಹಚ್ಚಿಟ್ಟರೆ ಸುಮ್ನೆ ಕೂರುವುದಕ್ಕೇ ತಿಂಗಳಿಗೆ 18 ಯೂನಿಟ್ ಜಾಸ್ತಿ.

ಇಷ್ಟರಲ್ಲಿ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ತಿಲಾಂಜಲಿ ಇಟ್ಟಿತು. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ಪಟ್ಟಿಯಲ್ಲೇ ಇಲ್ಲ. ಇಂಟೆಲ್ ಕೋರ್ ಸಾಲಿನಲ್ಲಿ ಬೆರಳೆಣಿಕೆಯ ಅಪವಾದ ಬಿಟ್ಟರೆ 8ನೇ ಪೀಳಿಗೆಯಿಂದ ಈಚೆಗಿನದಕ್ಕೆ ಮಾತ್ರ ಒಪ್ಪಿಗೆ, ಇದು ಅದಕ್ಕೂ ಹಿಂದಿನದು. ಕಳ್ಳದಾರಿಯಲ್ಲಿ ಹಾಕಬಹುದು. ಗಿರಾಕಿಗಳ ಮದುವೆ ವಿಡಿಯೋ ಇಟ್ಟುಕೊಂಡ ಕಂಪ್ಯೂಟರಿನಲ್ಲಿ ಆ ಆಟ ನನಗೆ ಬೇಡವಾಯಿತು.

ಚೀಟಿ ದುಡ್ಡು ಎತ್ತಿ ಐ5-12400 ಮತ್ತು ಡಿಡಿಆರ್4 ಪೀಳಿಗೆಯ ರ‍್ಯಾಮ್ ಹಾಕುವ ಬೋರ್ಡ್ ತಂದೆ. ರ‍್ಯಾಮ್ ಹೇಗೂ ಡಿಡಿಆರ್4, ಹಳೇದನ್ನೇ ಹಾಕಿಕೊಂಡರಾಯಿತು ಅಂದುಕೊಂಡೆ. ಸ್ಟಿಕ್ ಸ್ಲಾಟಿಗೆ ಸರಿಯಾಗಿ ಕೂತಿತು, ಎರಡೂ ಕಡೆ ಕ್ಲಿಪ್ ಟಕ್ ಎಂದಿತು. ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು. ಬೋರ್ಡೇ ಕೆಟ್ಟಿದೆ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಅದು ಸರ್ವರ್‌ಗಳ ರಿಜಿಸ್ಟರ್ಡ್ ರ‍್ಯಾಮ್. ಆಕಾರ ಒಂದೇ, ಜಾತಿ ಬೇರೆ. ಮನೆ ಬಳಕೆಯ ಬೋರ್ಡ್ ಅದನ್ನ ಮುಟ್ಟಲ್ಲ. ಸ್ಟಿಕ್ ಮೇಲಿನ ಲೇಬಲ್ ನೋಡಿ: ಪಿಸಿ4-2400ಟಿ ಆದಮೇಲೆ ಗೀಟು ಎಳೆದು 'ಆರ್' ಅಕ್ಷರ ಇದ್ದರೆ ಸರ್ವರಿನದು, 'ಯು' ಇದ್ದರೆ ಮಾಮೂಲಿಯದು. ಒಂದೇ ಒಂದು ಅಕ್ಷರಕ್ಕೆ ಮತ್ತೆ ರ‍್ಯಾಮ್ ಕೊಳ್ಳುವ ಖರ್ಚು.

ಐ5 ಕೊಳ್ಳುವಾಗಲೂ ಒಂದು ಗುಂಡಿ ಇದೆ, ನಾನು ಕೂದಲೆಳೆಯಲ್ಲಿ ತಪ್ಪಿಸಿಕೊಂಡೆ. ಅಂಗಡಿಯವರು 12400ಎಫ್ ಕೊಡಲು ನೋಡುತ್ತಾರೆ, ಸ್ವಲ್ಪ ಅಗ್ಗ. ಆ 'ಎಫ್' ಅಂದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಇಷ್ಟೆಲ್ಲ ಪಾಡು ಪಟ್ಟು ಮತ್ತೆ ಅಲ್ಲಿಗೇ ಬರ್ತೀರಿ. ಎಫ್ ಇಲ್ಲದ್ದು ತಗೊಂಡರೂ, ಬೇರೆ ಕಾರ್ಡ್ ಹಾಕಿದಾಗ ಒಳಗಿನ ಗ್ರಾಫಿಕ್ಸನ್ನ ಎಷ್ಟೋ ಬೋರ್ಡ್‌ಗಳು ತಾವಾಗಿಯೇ ಆಫ್ ಮಾಡುತ್ತವೆ. ಬಯಾಸ್‌ಗೆ ಹೋಗಿ ಆನ್ ಮಾಡಿ. ನಾನು ಮಾಡಿದೆ, ಅದೇ ಮದುವೆಯ ಅದೇ ಕ್ಲಿಪ್ ಹಾಕಿದೆ. ತಾಳಿ ಎಲ್ಲೂ ನಿಲ್ಲದೆ ಕೊರಳಿಗೆ ಬಿತ್ತು.

ಮುಂದೆ ಕೊಳ್ಳುವವರು ಒಂದು ಕೆಲಸ ಮಾಡಿ. ನಿಮ್ಮ ಕ್ಯಾಮೆರಾದ್ದೇ ಒಂದೆರಡು ಕ್ಲಿಪ್, ನಿಮ್ಮದೇ ಒಂದು ಆಲ್ಬಮ್ ಶೀಟ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಚೌಕಗಳ ಕುಣಿತ ಬೇಡ, ಇದನ್ನ ಓಡಿಸಿ ತೋರಿಸು ಅನ್ನಿ. ಪ್ರೊಸೆಸರ್ ನೆತ್ತಿಯ ಮೇಲೂ ಕಣ್ಣು ಹಾಯಿಸಿ. ಹಾಸನದ ಗೆಳೆಯನಿಗೆ ಹಿಂದೊಮ್ಮೆ ಕೊಟ್ಟದ್ದರ ಮೇಲೆ 'ಇಂಟೆಲ್ ಕಾನ್ಫಿಡೆನ್ಶಿಯಲ್' ಅಂತ ಕೆತ್ತಿತ್ತಂತೆ. ಅದು ಕಂಪನಿ ಪರೀಕ್ಷೆಗೆ ಮಾಡಿದ ಮಾದರಿ, ಮಾರುವಂತೆಯೇ ಇಲ್ಲ.

ಜಿಯಾನ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಹಗಲೂ ರಾತ್ರಿ ಆರದೆ ಓಡುವ ಲೆಕ್ಕಪತ್ರದ ಮಷೀನಿಗೆ, ರ‍್ಯಾಮಿನಲ್ಲಿ ಒಂದು ಬಿಟ್ ತಪ್ಪಿದರೂ ತಾನೇ ತಿದ್ದಿಕೊಳ್ಳುವ ಇಸಿಸಿ ಬೇಕಾದವರಿಗೆ, ಒಂದರಲ್ಲೇ ಹತ್ತು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗಿನ ಕಂಪ್ಯೂಟರ್) ಓಡಿಸುವವರಿಗೆ ಅದೇ ಸರಿ. ಆ ಕೆಲಸಕ್ಕೂ ಹೆಸರಿಲ್ಲದ ಬೋರ್ಡಿನ ಬದಲು ಕಂಪನಿಯ ಹಳೇ ವರ್ಕ್‌ಸ್ಟೇಷನ್ನನ್ನೇ ಇಡಿಯಾಗಿ ಕೊಳ್ಳೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಆ ಅಂಗಡಿಯವನು 14,500ರ ಕಾಂಬೋಗೆ ವಾಪಸ್ ಐದು ಸಾವಿರ ಕೊಡ್ತೀನಿ ಎಂದ. ನಾನು ಕೊಡಲಿಲ್ಲ. ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ತಗೊಂಡು ಹೋದ. ಅದರಲ್ಲಿ ಲಿನಕ್ಸ್ ಹಾಕಿ, ಆರು ವರ್ಚುವಲ್ ಮಷೀನ್ ಎಬ್ಬಿಸಿ, "ಮಾವ, ಬೆಂಕಿ ಇದೆ ಇದು" ಅಂತ ಫೋನ್ ಮಾಡಿದ್ದ. ಈಗ ಮಿಕ್ಕ ಮೂರು ಸ್ಲಾಟಿಗೂ ರ‍್ಯಾಮ್ ಬೇಕಂತೆ. ಎಸ್.ಪಿ. ರಸ್ತೆಗೆ ನೀನೇ ಹೋಗು, ಲೇಬಲ್ ಮೇಲೆ 'ಆರ್' ನೋಡಿ ತಗೋ ಅಂದಿದ್ದೇನೆ.