ಹೆಬ್ಬಾಳದ ಶೆಡ್‌ನಲ್ಲಿ ಕಟ್ಟಿದ ಅಪ್ಪರ್ ಆರ್ಮ್: ಲಿಫ್ಟ್ ಮಾಡಿದ ಹೈಲಕ್ಸ್‌ಗೆ ಎಷ್ಟು ಸರಿ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ಕಟ್ಟಿದ ಅಪ್ಪರ್ ಕಂಟ್ರೋಲ್ ಆರ್ಮ್ (ಮುಂದಿನ ಗಾಲಿಯ ಮೇಲ್ಭಾಗವನ್ನು ಛಾಸಿಗೆ ಸೇರಿಸುವ ತೋಳು) ಜೋಡಿಯ ವಿಮರ್ಶೆ ಇದು. ಲೇತು, ಪೈಪ್ ಬೆಂಡಿಂಗ್, ಟಿಗ್ ವೆಲ್ಡಿಂಗ್ ಮೂರೂ ಅಲ್ಲಿ ಒಂದೇ ಸೂರಿನಡಿ ಇವೆ. ಗಾಡಿ ಟೊಯೋಟಾ ಹೈಲಕ್ಸ್, ಮುಂದೆ 50 ಮಿ.ಮೀ. ಲಿಫ್ಟ್, ಅಂದರೆ ಮುಂಭಾಗವನ್ನು ಅಷ್ಟು ಎತ್ತರಿಸಲಾಗಿದೆ. ಬಿಡದಿಯಲ್ಲಿ ತಯಾರಾಗುವ ಫಾರ್ಚುನರ್‌ನ ಮುಂಭಾಗವೂ ಇದೇ ಬಗೆಯ ಡಬಲ್ ವಿಶ್‌ಬೋನ್ (ಗಾಲಿಗೆ ಮೇಲೊಂದು, ಕೆಳಗೊಂದು ಆರ್ಮ್) ಆದ್ದರಿಂದ ಆ ಗಾಡಿಯವರಿಗೂ ಇಲ್ಲಿನ ಮಾತು ಅನ್ವಯಿಸುತ್ತದೆ. ಜಿಮ್ನಿ, ಜಿಪ್ಸಿಯವರು ಇದಕ್ಕೆ ದುಡ್ಡು ತೆಗೆಯಬೇಡಿ. ಅವುಗಳ ಮುಂದೆಯೂ ಇಡೀ ಆಕ್ಸಲ್ ಒಂದೇ, ಅಪ್ಪರ್ ಆರ್ಮ್ ಎಂಬುದೇ ಇಲ್ಲ.

ತೀರ್ಪು ಮೊದಲೇ ಹೇಳಿಬಿಡೋಣ. ಪೈಪು, ಬೆಸುಗೆ, ಅಳತೆ ಮೂರೂ ಚೆನ್ನಾಗಿವೆ. ಬಾಲ್ ಜಾಯಿಂಟ್ (ಆರ್ಮ್ ತುದಿಯಲ್ಲಿ ಎಲ್ಲ ಕಡೆ ತಿರುಗುವ ಗೋಲಿಯ ಕೀಲು) ಆಯ್ಕೆ ನಮ್ಮ ಕಡೆಯ ಕೆಸರಿಗೆ ಹೊಂದುವುದಿಲ್ಲ. ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ವೈರಿನ ವಿಷಯದಲ್ಲಿ ಅಜಾಗರೂಕತೆ ಇದೆ.

ಲಿಫ್ಟ್ ಮಾಡಿದ ಮೇಲೆ ಆರ್ಮ್ ಏಕೆ ಬದಲಿಸಬೇಕು ಎನ್ನುವುದು ಗೊತ್ತಿಲ್ಲದೆಯೇ ಬಹಳ ಜನ ಹಾಕಿಸುತ್ತಾರೆ. ಈ ಆರ್ಮ್ ಗಾಡಿಯನ್ನು ಎತ್ತುವುದಿಲ್ಲ. ಎತ್ತುವುದು ಸ್ಪ್ರಿಂಗು ಅಥವಾ ಸ್ಪೇಸರ್. ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಗಾಲಿಯ ಹತ್ತಿರ ಅದು ಸುಮಾರು 45ರಿಂದ 50 ಮಿ.ಮೀ. ಆಗುತ್ತದೆ, ಏಕೆಂದರೆ ಸ್ಟ್ರಟ್ ಕೂರುವುದು ಲೋಯರ್ ಆರ್ಮ್‌ನ ನಡುವೆ. ಇದು ತಿಳಿಯದೆ 50 ಮಿ.ಮೀ. ಸ್ಪೇಸರ್ ಹಾಕಿಸಿ, ಆಮೇಲೆ ಸಿವಿ ಜಾಯಿಂಟ್ (ಗಾಲಿಗೆ ಎಂಜಿನ್ ಶಕ್ತಿ ಒಯ್ಯುವ ಶಾಫ್ಟಿನ ಕೀಲು) ಹೋಯಿತೆಂದು ಕೊರಗುವವರಿದ್ದಾರೆ. ಗಾಡಿ ಎದ್ದಾಗ ಅಪ್ಪರ್ ಆರ್ಮ್ ಕೆಳಕ್ಕೆ ಬಾಗುತ್ತದೆ. ಅದು ತಿರುಗುವ ಪಿವಟ್ ಬೋಲ್ಟು ನೆಲಕ್ಕೆ ಸಮಾನಾಂತರವಾಗಿಲ್ಲ, ಬ್ರೇಕ್ ಹಿಡಿದಾಗ ಮೂತಿ ಮುಗ್ಗರಿಸದಿರಲೆಂದು ಓರೆಯಾಗಿ ಕೂರಿಸಿರುತ್ತಾರೆ. ಹಾಗಾಗಿ ಆರ್ಮ್ ಬಾಗಿದಷ್ಟೂ ಮೇಲಿನ ಬಾಲ್ ಜಾಯಿಂಟ್ ಮುಂದಕ್ಕೆ ಸರಿದು ಕ್ಯಾಸ್ಟರ್ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕಿನ ಮೇಲ್ತುದಿ ಹಿಂದಕ್ಕೆ ವಾಲಿರುವುದು ಅದು ನೆಟ್ಟಗೆ ಓಡಲು ನೆರವಾಗುತ್ತದೆ. ಆ ವಾಲುವಿಕೆಯೇ ಕ್ಯಾಸ್ಟರ್. ಅದು ಕಳೆದುಹೋದ ಗಾಡಿ ಊರೊಳಗೆ ಏನೂ ಹೇಳುವುದಿಲ್ಲ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ 100 ಮುಟ್ಟಿಸಿ ನೋಡಿ: ಸ್ಟೀರಿಂಗ್ ತೇಲಾಡುತ್ತದೆ, ಬಸ್ಸು ಪಕ್ಕದಲ್ಲಿ ಹಾದರೆ ಗಾಡಿ ಎಳೆದುಕೊಂಡು ಹೋದಂತಾಗುತ್ತದೆ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ.

ಲೋಯರ್ ಆರ್ಮ್‌ನ ಕ್ಯಾಮ್ ಬೋಲ್ಟುಗಳನ್ನು ತಿರುಗಿಸಿ ಸ್ವಲ್ಪ ಕ್ಯಾಸ್ಟರ್ ವಾಪಸ್ ತರಬಹುದು. ಆದರೆ ಕ್ಯಾಂಬರ್ (ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲುವುದು) ಸರಿಪಡಿಸುವುದೂ ಅದೇ ಬೋಲ್ಟುಗಳಿಂದ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಸಿಗದು. 50 ಮಿ.ಮೀ. ಲಿಫ್ಟಿಗೆ ಸಾಮಾನ್ಯವಾಗಿ ಎರಡಕ್ಕೂ ಸಾಲುವುದಿಲ್ಲ. ಆರ್ಮ್ ಬೇಕಾಗುವುದು ಆಗ.

ಶೆಡ್‌ನವರ ಕೆಲಸದಲ್ಲಿ ತುಂಬ ಹಿಡಿಸಿದ್ದು ಇಲ್ಲಿಯೇ. ಕಂಪನಿಯ ಆರ್ಮ್ ಕೊಯ್ದು ಉದ್ದ ಮಾಡುವ ಕೆಲಸಕ್ಕೆ ಅವರು ಕೈ ಹಾಕಲಿಲ್ಲ. ಅದು ಪ್ರೆಸ್ ಮಾಡಿದ ತಗಡು, ನಡುವೆ ಕೊಯ್ದು ಪಟ್ಟಿ ಬೆಸೆದರೆ ಬೆಸುಗೆಯ ಅಂಚಿನಲ್ಲೇ ಬಿರುಕು ಶುರುವಾಗುತ್ತದೆ. ಯಾರಾದರೂ ‘ಇದನ್ನೇ ಕಟ್ ಮಾಡಿ ಕೊಡ್ತೀವಿ ಸಾರ್’ ಎಂದರೆ ಕೀಲಿ ವಾಪಸ್ ತೆಗೆದುಕೊಂಡು ಹೊರಡಿ. ಈ ಶೆಡ್‌ನವರು ಹಳೆಯ ಆರ್ಮ್ ಇಟ್ಟು ಜಿಗ್ (ಅಳತೆ ಹಿಡಿದಿಡುವ ಚೌಕಟ್ಟು) ಮಾಡಿಕೊಂಡು, 38 ಮಿ.ಮೀ. ಹೊರವ್ಯಾಸ, 5 ಮಿ.ಮೀ. ಗೋಡೆಯ ಸೀಮ್‌ಲೆಸ್ ಪೈಪಿನಲ್ಲಿ ಹೊಸದಾಗಿಯೇ ಕಟ್ಟಿದ್ದಾರೆ. ಗೇಟು, ಗ್ರಿಲ್ಲಿಗೆ ಬಳಸುವ ಸೀಮ್ (ಉದ್ದುದ್ದ ಬೆಸುಗೆ) ಇರುವ ಪೈಪು ಇಲ್ಲಿ ಕೂಡದು.

ಬಾಲ್ ಜಾಯಿಂಟ್ ಕಪ್ಪನ್ನು (ಜಾಯಿಂಟ್ ಕೂರುವ ಬಟ್ಟಲನ್ನು) ಎಷ್ಟು ಹಿಂದಕ್ಕೆ ಸರಿಸಬೇಕು ಎಂಬ ಲೆಕ್ಕ ಸುಲಭ. ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳ ನಡುವಿನ ಎತ್ತರ ಅಳೆದು 0.0175ರಿಂದ ಗುಣಿಸಿದರೆ ಒಂದು ಡಿಗ್ರಿಗೆ ಬೇಕಾದ ಅಂತರ ಸಿಗುತ್ತದೆ. ಎತ್ತರ 300 ಮಿ.ಮೀ. ಇದ್ದರೆ ಡಿಗ್ರಿಗೆ ಸುಮಾರು 5 ಮಿ.ಮೀ. ಎರಡು ಡಿಗ್ರಿ ಬೇಕೆಂದರೆ 10 ಮಿ.ಮೀ. ಹೆಚ್ಚು ಆಸೆ ಪಡಬೇಡಿ. ಕಪ್ಪು ಹಿಂದಕ್ಕೆ ಹೋದಂತೆ ಗಾಲಿಯೂ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ, ದೊಡ್ಡ ಟೈರ್ ಹಾಕಿದವರಿಗೆ ಪೂರ್ತಿ ತಿರುಗಿಸಿದಾಗ ಗಾಲಿಗೂಡಿನ ಹಿಂಬದಿಗೆ ಉಜ್ಜುತ್ತದೆ. ಆರ್ಮ್‌ನ ಉದ್ದವನ್ನು ಮಾತ್ರ ಮುಟ್ಟಬಾರದು. ಉದ್ದವಾದರೆ ಗಾಲಿಯ ತಲೆ ಹೊರಕ್ಕೆ, ಗಿಡ್ಡವಾದರೆ ಒಳಕ್ಕೆ ವಾಲಿ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಕಪ್ಪಿನ ಬೋರ್ ಹೊಡೆದದ್ದು ಬೆಸುಗೆಯೆಲ್ಲ ಮುಗಿದು ತಣ್ಣಗಾದ ಮೇಲೆ. ಇದು ಕೆಲಸ ಬಲ್ಲವರ ಗುರುತು. ಮೊದಲೇ ಬೋರ್ ಮಾಡಿ ಆಮೇಲೆ ಬೆಸೆದರೆ ಶಾಖಕ್ಕೆ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಪ್ರೆಸ್ ಮಾಡಿದ ಬಾಲ್ ಜಾಯಿಂಟ್ ಕೆಲವೇ ತಿಂಗಳಲ್ಲಿ ಅಲ್ಲಾಡುತ್ತದೆ. ಜಾಯಿಂಟ್ ಒಳಗಿಟ್ಟುಕೊಂಡೇ ಬೆಸೆಯುವುದಂತೂ ಇನ್ನೂ ಕೆಟ್ಟದ್ದು, ಒಳಗಿನ ಗ್ರೀಸು, ಪ್ಲಾಸ್ಟಿಕ್ ಲೈನರ್ ಎರಡೂ ಬೆಂದುಹೋಗುತ್ತವೆ. ಬೆಸುಗೆ ಪರೀಕ್ಷೆಗೆ ಡೈ ಪೆನೆಟ್ರಂಟ್ ಮಾಡಿಸಿಕೊಳ್ಳಿ: ಕೆಂಪು ಬಣ್ಣ ಹೊಡೆದು 10ರಿಂದ 15 ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಏಳುತ್ತದೆ. ಈ ಜೋಡಿಯಲ್ಲಿ ಒಂದು ಗೆರೆಯೂ ಏಳಲಿಲ್ಲ. ಪೌಡರ್ ಕೋಟಿಂಗ್ ಒಲೆಯ ಬಿಸಿ 180ರಿಂದ 200 ಡಿಗ್ರಿ ಇರುವುದರಿಂದ ಬುಷ್ (ಪಿವಟ್ ಬೋಲ್ಟಿನ ಸುತ್ತ ಕೂರುವ ಮೆತ್ತನೆಯ ಕೊಳವೆ), ಬಾಲ್ ಜಾಯಿಂಟ್ ಕೂರಿಸುವುದು ಅದಾದ ಮೇಲೆಯೇ.

ಇನ್ನು ತಕರಾರು. ಶೆಡ್‌ನವರು ಮಾಮೂಲಿ ಬಾಲ್ ಜಾಯಿಂಟ್ ಬದಲು ಯೂನಿಬಾಲ್ ಹಾಕಿದ್ದಾರೆ. ನೋಡಲು ಅಂದ, ತಿರುಗುವ ಕೋನ ಹೆಚ್ಚು. ಆದರೆ ಅದಕ್ಕೆ ರಬ್ಬರ್ ಬೂಟ್ (ಮುಚ್ಚಿಗೆ) ಇಲ್ಲ, ಉಕ್ಕಿನ ಗೋಲಿ ತೆಳು ಟೆಫ್ಲಾನ್ ಪದರದ ಮೇಲೆ ಬರಿದಾಗಿ ಕೂತಿರುತ್ತದೆ. ಮಂಡ್ಯ ಕಡೆ ನಾಲೆ ಏರಿ ಮೇಲೆ, ಕಬ್ಬಿನ ಟ್ರ್ಯಾಕ್ಟರ್ ಕೊರೆದ ಜಾಡಿನಲ್ಲಿ ಓಡಾಡುವ ಗಾಡಿಗೆ ಇದು ತಕ್ಕದ್ದಲ್ಲ. ಕೆಸರು ಒಣಗಿದಾಗ ಅದರ ಮರಳು ಟೆಫ್ಲಾನನ್ನು ಅರೆಯುತ್ತದೆ, ಹಂಪ್ ಇಳಿದಾಗಲೆಲ್ಲ ಮುಂದಿನಿಂದ ‘ಟಕ್’ ಎಂಬ ಸದ್ದು. ಬೂಟ್ ಇರುವ, ಗ್ರೀಸ್ ನಿಪ್ಪಲ್ ಇರುವ ಬಾಲ್ ಜಾಯಿಂಟ್‌ಗೇ ಕಪ್ಪು ಮಾಡಿಕೊಡಿ ಎಂದು ಮೊದಲೇ ಹೇಳಿ. ಕಪ್ಪನ್ನು ಕೆಲವು ಡಿಗ್ರಿ ಓರೆಯಾಗಿ ಬೆಸೆದರೆ ಲಿಫ್ಟ್ ಆದ ಎತ್ತರದಲ್ಲಿ ಜಾಯಿಂಟಿನ ಸ್ಟಡ್ (ಕಡ್ಡಿ) ನಡುವಿಗೆ ಬರುತ್ತದೆ, ಯೂನಿಬಾಲ್ ಬೇಕಾಗುವುದೇ ಇಲ್ಲ. ಯಾವುದೇ ಜಾಯಿಂಟ್ ಆಗಲಿ, ಸ್ಟಡ್ಡಿನ ಟೇಪರ್ (ತುದಿಗೆ ಸಣ್ಣಗಾಗುವ ಇಳಿಜಾರು) ಗಾಲಿಯನ್ನು ಹಿಡಿದಿಡುವ ನಕಲ್‌ನ ಟೇಪರ್‌ಗೆ ಕೂರುತ್ತದೆಯೇ ಎಂದು ಬ್ಲೂ (ತಾಗಿದ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ ನೋಡಬೇಕು. ಬಣ್ಣ ಒಂದು ಉಂಗುರದಂತೆ ಮಾತ್ರ ಅಂಟಿದರೆ ಟೇಪರ್ ತಪ್ಪಿದೆ ಎಂದೇ ಅರ್ಥ. ಎಷ್ಟು ಬಿಗಿದರೂ ಅದು ಸಡಿಲಾಗಿ ಸ್ಟಡ್ ಮುರಿಯುತ್ತದೆ.

ಬುಷ್ ಪಾಲಿಯುರೆಥೇನ್. ಸಿಲಿಕೋನ್ ಗ್ರೀಸ್ ಹಚ್ಚಿ ಕೂರಿಸಿದ್ದಾರೆ, ಕೀರಲು ಇಲ್ಲ. ಕಂಪನಿಯ ರಬ್ಬರ್ ಬುಷ್ಷನ್ನೇ ಬಳಸುವವರು ಒಂದು ನೆನಪಿಡಿ: ಪಿವಟ್ ಬೋಲ್ಟನ್ನು ಗಾಡಿ ನಾಲ್ಕೂ ಗಾಲಿಯ ಮೇಲೆ ನಿಂತಾಗ ಬಿಗಿಯಬೇಕು. ಜಾಕ್ ಮೇಲೆ ಗಾಲಿ ನೇತಾಡುವಾಗ ಬಿಗಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕೂರಿಸುವಾಗ ಆಗುವ ದೊಡ್ಡ ತಪ್ಪು ಬೇರೆಯೇ. ಮೇಲಿನ ಬಾಲ್ ಜಾಯಿಂಟ್ ಬಿಚ್ಚಿದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ, ಆ ಭಾರಕ್ಕೆ ಒಳಗಿನ ಸಿವಿ ಜಾಯಿಂಟ್ ಕಳಚಬಹುದು, ಬ್ರೇಕ್ ಹೋಸು ಜಗ್ಗಬಹುದು. ಬಿಚ್ಚುವ ಮೊದಲೇ ನಕಲ್ಲನ್ನು ಛಾಸಿಗೆ ಹಗ್ಗದಿಂದ ಕಟ್ಟಬೇಕು. ಜಾಯಿಂಟ್ ಬಿಡಿಸಲು ಪುಲ್ಲರ್ ಬಳಸಿ, ಫೋರ್ಕ್ (ಕವಲು ಉಳಿ) ಬಡಿದರೆ ಬೂಟ್ ಹರಿಯುತ್ತದೆ. ಕ್ಯಾಸಲ್ ನಟ್ಟಿನ ಕಂಡಿ ಸ್ಪ್ಲಿಟ್ ಪಿನ್ನಿನ ತೂತಿಗೆ ಬಾರದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಬಿಡಬಾರದು.

ಎಬಿಎಸ್ ವೈರಿನ ಬ್ರಾಕೆಟ್ ಹೊಸ ಆರ್ಮ್ ಮೇಲೆ ಇರಲೇ ಇಲ್ಲ, ಕೇಬಲ್ ಟೈ ಸುತ್ತಿ ಬಿಟ್ಟಿದ್ದರು. ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ ಗಾಲಿ ಪೂರ್ತಿ ಇಳಿಸಿದಾಗ ವೈರು ತಂತಿ ವಾದ್ಯದಂತೆ ಬಿಗಿದಿತ್ತು. ಗುಂಡಿಯಲ್ಲಿ ಒಮ್ಮೆ ಕಿತ್ತರೆ ಎಬಿಎಸ್ ಹೋಗುತ್ತದೆ, ಜೊತೆಗೆ ಸ್ಟೆಬಿಲಿಟಿ ಕಂಟ್ರೋಲ್ ಕೂಡ. ಕೇಳಿದ ಮೇಲೆ ಲೋಹದ ಪಟ್ಟಿಯಿಂದ ಕಡಿದು ಎರಡು ಬ್ರಾಕೆಟ್ ಬೆಸೆದುಕೊಟ್ಟರು. ಅದು ಮೊದಲೇ ಇರಬೇಕಿತ್ತು. ಸ್ಪ್ರಿಂಗ್ ತೆಗೆದು ಜಾಕಿನಿಂದ ಗಾಲಿಯನ್ನು ಮೇಲಿಂದ ಕೆಳಗಿನವರೆಗೆ ಆಡಿಸಿ ನೋಡುವುದನ್ನೂ ಪಟ್ಟು ಹಿಡಿದು ಮಾಡಿಸಿ. ಆರ್ಮ್ ಯಾವ ಹಂತದಲ್ಲೂ ಸ್ಪ್ರಿಂಗ್ ಕೂರುವ ಜಾಗಕ್ಕೆ, ಅದರ ಮೇಲಿನ ಛಾಸಿಯ ಬಕೆಟ್ಟಿಗೆ (ಗೂಡಿಗೆ), ಟೈರಿಗೆ ತಾಗಬಾರದು. ಗಾಲಿ ಇಳಿಯುವುದನ್ನು ತಡೆಯಬೇಕಾದದ್ದು ಶಾಕ್ ಅಬ್ಸಾರ್ಬರ್, ಬಾಲ್ ಜಾಯಿಂಟಿನ ಕತ್ತು ಅಲ್ಲ.

ಅಲೈನ್‌ಮೆಂಟಿಗೆ ಹೋದಾಗ ಟೋ (ಗಾಲಿಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಮಾತ್ರ ಸರಿಮಾಡಿ ‘ಗ್ರೀನ್ ಬಂತು’ ಎಂದರೆ ಒಪ್ಪಬೇಡಿ. ಕ್ಯಾಸ್ಟರ್ ಅಳೆಯಲು ಟರ್ನ್ ಪ್ಲೇಟ್ ಮೇಲೆ ಗಾಲಿಯನ್ನು ಎರಡೂ ಕಡೆಗೆ 20 ಡಿಗ್ರಿ ತಿರುಗಿಸಲೇಬೇಕು. ಆ ಎರಡು ಸ್ಥಾನಗಳ ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್. ತಿರುಗಿಸದೆಯೇ ಪ್ರಿಂಟ್ ಕೊಟ್ಟರೆ ಆ ಅಂಕಿಗೆ ಬೆಲೆಯಿಲ್ಲ. ಎಡಬಲದ ಅಂತರ ಅರ್ಧ ಡಿಗ್ರಿಯೊಳಗೆ ಇರಲಿ, ಮೀರಿದರೆ ಗಾಡಿ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ. ಇಲ್ಲಿ ಎರಡೂ ಕಡೆ ಕೇಳಿದ ಎರಡು ಡಿಗ್ರಿ ವಾಪಸ್ ಬಂದಿದೆ, ಎಕ್ಸ್‌ಪ್ರೆಸ್‌ವೇಯಲ್ಲಿ ಸ್ಟೀರಿಂಗ್ ಮತ್ತೆ ಹಿಡಿತಕ್ಕೆ ಸಿಕ್ಕಿದೆ.

ಕಾಗದದ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕೆಎ-09 ಆಗಲಿ, ಕೆಎ-55 ಆಗಲಿ, ಮಂಡ್ಯದ ಕೆಎ-11 ಆಗಲಿ, ನಿಯಮ ಒಂದೇ. ಅಪಘಾತವಾದರೆ ವಿಮೆಯವರು ಈ ಆರ್ಮನ್ನೇ ಬೊಟ್ಟು ಮಾಡಿ ತೋರಿಸಬಹುದು. ಕಂಪನಿಯ ಆರ್ಮ್ ಜೋಡಿಯನ್ನು ಎಣ್ಣೆ ಹಚ್ಚಿ ಎತ್ತಿಡಿ, ಗುಜರಿಗೆ ಹಾಕಬೇಡಿ.

ನಟ್ಟುಗಳ ಮೇಲೆ ಪೇಂಟ್ ಗೆರೆ ಎಳೆಸಿಕೊಂಡೇ ಶೆಡ್ ಬಿಡಿ. 100 ಕಿ.ಮೀ. ಆದ ಮೇಲೆ ಒಮ್ಮೆ, 1000ಕ್ಕೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿಸಿ. ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಸುಮ್ಮನೆ ಬಿಗಿದು ಕಳಿಸಬೇಡಿ, ಬಿಚ್ಚಿಸಿ ಟೇಪರ್ ನೋಡಿ.