ನೋಕಿಯಾ 1100: 2006ರಿಂದ ಇಂದಿನವರೆಗೆ

ಈ ಫೋನನ್ನು ನಾನು ಕೊಂಡದ್ದು 2006ರಲ್ಲಿ. 2003ರಲ್ಲಿ ಬಿಡುಗಡೆಯಾಗಿ, ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಮಾದರಿ. ಅದರ ಟಾರ್ಚು, ದೂಳು ನುಗ್ಗದ ರಬ್ಬರ್ ಕೀಲಿಮಣೆ ಎಲ್ಲರಿಗೂ ಗೊತ್ತಿರುವುದೇ. ನಾನು ಹೇಳಹೊರಟಿರುವುದು ಬೇರೆ ಬಳಕೆ: ಬಸವನಗುಡಿಯಲ್ಲಿರುವ ಅಕ್ಕನ ಮಗಳೂ ನಾನೂ ನಾಲ್ಕು ವರ್ಷಗಳಿಂದ ಇದರಲ್ಲಿ ಗುಟ್ಟಿನ ಸಂದೇಶ ಬಿಡಿಸುತ್ತಿದ್ದೇವೆ.

2ರಲ್ಲಿ ಎ, ಬಿ, ಸಿ; 3ರಲ್ಲಿ ಡಿ, ಇ, ಎಫ್; ಇದೇ ಸರದಿ 9ರವರೆಗೆ. 7 ಮತ್ತು 9ಕ್ಕೆ ಮಾತ್ರ ನಾಲ್ಕು ನಾಲ್ಕು ಅಕ್ಷರ. ಕೀಲಿಯಲ್ಲಿ ಎಷ್ಟನೆಯ ಅಕ್ಷರವೋ ಅಷ್ಟು ಸಲ ಒತ್ತಬೇಕು. ಪದ ಮುಗಿದರೆ ಸೊನ್ನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತೇವೆ. ಬಿಎಂಟಿಸಿ ಟಿಕೆಟಿನ ಹಿಂಬದಿಯಲ್ಲಿ ಅವಳು ಮೊದಲು ಬರೆದುಕೊಟ್ಟದ್ದು 22 33 4 2 0 22 2. ಒಂದೊಂದೇ ಕೀಲಿ ಒತ್ತಿದಂತೆ ಪರದೆಯ ಮೇಲೆ ‘ಬೇಗ ಬಾ’ ಮೂಡಿತು. ಆ ಖುಷಿ ಇನ್ನೂ ಆರಿಲ್ಲ.

ಅಂಕಿಗಿಂತ ಬಿಡುವು ಮುಖ್ಯ ಎಂಬುದನ್ನು ಕಲಿಸಿದ್ದು ಈ ಫೋನೇ. ಒಂದೇ ಕೀಲಿಯ ಎರಡು ಅಕ್ಷರ ಒಟ್ಟಿಗೆ ಬಂದರೆ ನಡುವೆ ಕ್ಷಣ ಹೊತ್ತು ಕಾಯಬೇಕು. 2 6 6 2 ಎಂದರೆ ಅಮ್ಮ, 2 66 66 2 ಎಂದರೆ ಅಣ್ಣ. ಅಕ್ಷರಕ್ಕೆ ಒಂದೇ ಒತ್ತು ಎಂಬ ಗಿಡ್ಡ ಕ್ರಮಕ್ಕೆ ಒಮ್ಮೆ ಹೊರಳಿದೆವು. ‘ಮನೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದ್ದಕ್ಕೆ 2662 ಎಂಬ ಉತ್ತರ ಬಂತು. ಆ ಕ್ರಮದಲ್ಲಿ ಅಮ್ಮನೂ ಅದೇ, ಅಣ್ಣನೂ ಅದೇ! ಅಂದೇ ಹಳೆಯ ಕ್ರಮಕ್ಕೆ ಮರಳಿದೆವು.

ಅಕ್ಷರಕ್ಕೆ ಒಂದೇ ಸಲ ಒತ್ತಿದರೂ ಪದವನ್ನು ಊಹಿಸಿಕೊಡುವ, ಫೋನಿನೊಳಗಿನ ಟಿ9 ನಿಘಂಟು ಇಂಗ್ಲಿಷ್ ಪದಗಳಿಗೆ ಒಳ್ಳೆಯ ಜೊತೆಗಾರ. 4663 ಒತ್ತಿ ನಕ್ಷತ್ರದ ಕೀಲಿಯನ್ನು ತಟ್ಟುತ್ತ ಹೋದರೆ ಗುಡ್, ಹೋಮ್, ಗಾನ್ ಸರದಿಯಲ್ಲಿ ಸಿಗುತ್ತವೆ. ಕನ್ನಡಕ್ಕೆ ಅದನ್ನು ನಿಲ್ಲಿಸಿಡುವುದೇ ಸರಿ.

ಅಂಕಿಗಳನ್ನೇ ಎಸ್‌ಎಂಎಸ್ ಮಾಡಿದರೆ ಜಾಗ ಬೇಗ ತುಂಬುತ್ತದೆ. ‘ಬೇಗ ಬಾ’ ಇಂಗ್ಲಿಷ್ ಅಕ್ಷರಗಳಲ್ಲಿ ಏಳು ಮನೆ ಹಿಡಿದರೆ ಅಂಕಿಗಳಲ್ಲಿ, ನಡುವಿನ ತೆರವೂ ಸೇರಿ, ಹದಿನಾರು. ಒಂದು ಸಂದೇಶದ ಮಿತಿ 160. ಆದ್ದರಿಂದ ನಮ್ಮದು ಚೀಟಿಯ ವ್ಯವಹಾರ. ಅಂಕಿ ಕೊಟ್ಟರೆ ಕ್ಷಣಾರ್ಧದಲ್ಲಿ ಬಿಡಿಸಿಕೊಡುವ ಆ್ಯಪ್‌ಗಳೂ ಇವೆ, ಆದರೆ ಅವುಗಳಲ್ಲಿ ಬೆರಳಿಗೆ ಕೆಲಸವಿಲ್ಲ. ಈಗ ನನಗೆ 7777 ಕಂಡರೆ ಹೆಬ್ಬೆರಳು ತಾನಾಗಿ ನಾಲ್ಕು ಸಲ ಅದುಮುತ್ತದೆ, ‘ಎಸ್’ ಎಂದು ಮನಸ್ಸು ಓದುವುದು ಆಮೇಲೆ.

ಹಳೆಯದನ್ನು ಕೊಳ್ಳುವವರು ಕೀಲಿಗಳನ್ನೆಲ್ಲ ಒತ್ತಿ ನೋಡಿ, 2ಜಿ ಸೇವೆ ಇರುವ ಸಿಮ್ ಹಾಕಿಕೊಳ್ಳಿ. ಬಿಎಲ್-5ಸಿ ಬ್ಯಾಟರಿ ಎಸ್‌.ಪಿ. ರಸ್ತೆಯಲ್ಲಿ ನನಗೆ ಸುಲಭವಾಗಿ ಸಿಕ್ಕಿತು. ಮಕ್ಕಳಿರುವ ಮನೆಗೆ ಕಣ್ಣು ಮುಚ್ಚಿ ತನ್ನಿ ಎನ್ನುತ್ತೇನೆ.

ಕಳೆದ ಭಾನುವಾರ ಅಕ್ಕನ ಮನೆಗೆ ಹೋದಾಗ ಬೀಗ ಹಾಕಿತ್ತು. ಬಾಗಿಲ ಸಂದಿಯಲ್ಲಿ ಸಿಕ್ಕಿಸಿದ್ದ ಚೀಟಿಯಲ್ಲಿ ಅವಳದೇ ದುಂಡು ಅಕ್ಷರ: 66 2 555 33 0 22 2. ಸೋಮವಾರ ಸಂಜೆ ಮತ್ತೆ ಹೋದೆ.