ಬೆನ್ ಥಾನ್, ಚತುಚಕ್, ಗ್ರ್ಯಾಂಡ್ ಬಜಾರ್: ಚೌಕಾಸಿಗೆ ಯಾವುದು ವಾಸಿ?

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾನು ಕೊಳ್ಳುವವಳು. ತೋಟದ ಕಾಳುಮೆಣಸು ಕುಯ್ದ ಮೇಲೆ ಮಾರುವವಳೂ ನಾನೇ. ಹಾಗಾಗಿ ಹೊರದೇಶಕ್ಕೆ ಹೋದಾಗಲೂ ಚೌಕಾಸಿ ಬಿಡೋಕೆ ಮನಸ್ಸಾಗಲ್ಲ. ಮೂರು ಮಾರ್ಕೆಟ್‌ಗಳಲ್ಲಿ ಮಾಡಿ ನೋಡಿದ್ದೇನೆ.

ಬೆಲೆ ಎಲ್ಲಕ್ಕಿಂತ ಜಾಸ್ತಿ ಇಳಿದದ್ದು ವಿಯೆಟ್ನಾಂನ ಹೋ ಚಿ ಮಿನ್ ಸಿಟಿಯ ಬೆನ್ ಥಾನ್‌ನಲ್ಲಿ. ಅಲ್ಲಿ ಮುಖ ನೋಡಿ ಬೆಲೆ ಹೇಳುತ್ತಾರೆ. ಕಾಫಿ ಇಳಿಸುವ ಪುಟ್ಟ ಫಿನ್ ಕೈಗೆ ತಗೊಂಡೆ. ಅಂಗಡಿಯಾಕೆ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು. ನಾನು ಅದರ ಅರ್ಧಕ್ಕಿಂತ ಕಡಿಮೆ ಒತ್ತಿದೆ. ಆಗಲ್ಲ ಅಂತ ತಲೆ ಆಡಿಸಿದರು. ನಾನು ಮುಂದಿನ ಅಂಗಡಿ ಮುಟ್ಟುವ ಮೊದಲೇ ತೋಳು ಹಿಡಿದು ಕರೆದರು. ಅರ್ಧ ಬೆಲೆಗೆ ವ್ಯಾಪಾರ ಮುಗಿಯಿತು.

ಮೆಣಸಿನ ಅಂಗಡಿಯಲ್ಲಿ ಮಾತ್ರ ಆಟವೇ ಬೇರೆ. ಜಗತ್ತಿನಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿನ ಮಾಲು ಅಗ್ಗವಾಗಿ ಬಂದರೆ ಇಲ್ಲಿ ನಮ್ಮ ರೇಟ್ ಬೀಳುತ್ತದೆ, ಅದು ನಮ್ಮ ಬೆಳೆಗಾರರಿಗೆಲ್ಲ ಗೊತ್ತು. ನಾನು ಒಂದು ಹಿಡಿ ಕಾಳು ಅಂಗೈಗೆ ಹಾಕಿಕೊಂಡು ತೂಗಿ ನೋಡಿದೆ. ಹಗುರವಾಗಿದ್ದವನ್ನು ಬೆರಳಲ್ಲಿ ಒತ್ತಿದೆ. ಪುಡಿಪುಡಿ, ಒಳಗೆ ಪೊಳ್ಳು. ಅಂಗಡಿಯಾಕೆ ಏನೂ ಮಾತಾಡದೆ ಕೆಳಗಿನಿಂದ ಬೇರೆ ಚೀಲ ತೆಗೆದರು, ಬೆಲೆಯನ್ನೂ ತಾವೇ ಇಳಿಸಿದರು. ಮಾಲು ಗೊತ್ತಿದ್ದರೆ ಭಾಷೆ ಬರಬೇಕಂತಿಲ್ಲ. ದುಡ್ಡು ಕೊಡುವಾಗ ಮಾತ್ರ ನೋಟನ್ನು ಎರಡು ಸಲ ನೋಡಿ. 20,000 ಮತ್ತು 500,000 ದಾಂಗ್ ಎರಡೂ ನೀಲಿ.

ಬ್ಯಾಂಕಾಕಿನ ಚತುಚಕ್‌ನಲ್ಲಿ ಅಷ್ಟು ಜಗ್ಗಾಟ ಇಲ್ಲ. ಒಂದೇ ಅಂಗಿ ಕೇಳಿದರೆ ಸ್ವಲ್ಪ ಇಳಿಸುತ್ತಾರೆ, ಅಷ್ಟೇ. ಮೂರು ತಗೋತೀನಿ ಅಂದರೆ ಚೆನ್ನಾಗಿ ಇಳಿಸುತ್ತಾರೆ. ದನಿ ಏರಿಸಿದರೆ ಕೆಲಸ ಕೆಡುತ್ತದೆ, ನಗುತ್ತಾ ಕೇಳಬೇಕು.

ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್‌ಗೆ ಪುರುಸೊತ್ತು ಬೇಕು. ಶಾಲು ಕೇಳಿದರೆ ಮೊದಲು ಚಹಾ ಬರುತ್ತದೆ. ಊರು, ಮನೆ, ಮಕ್ಕಳು ಎಲ್ಲ ಕೇಳಿ ಆದ ಮೇಲೆ ಬೆಲೆ. ಚಹಾ ಕುಡಿದು ಬರಿಗೈಲಿ ಏಳೋಕೆ ನಮ್ಮಂಥವರಿಗೆ ಕಷ್ಟ, ಅಲ್ವಾ? ಇಳಿದದ್ದು ಕಾಲು ಭಾಗ. ಆದರೆ ಶಾಲು ಬಿಡಿಸಿ, ನೇಯ್ಗೆ ತೋರಿಸಿ, ಕೈಯಿಂದ ಮಾಡಿದ್ದು ಯಾವುದು, ಮಷಿನ್ನಿನದು ಯಾವುದು ಅಂತ ತಾಳ್ಮೆಯಿಂದ ಹೇಳಿಕೊಟ್ಟದ್ದು ಅಲ್ಲಿ ಮಾತ್ರ.

ಇನ್ನೊಂದು ಮಾತು. ವಿಯೆಟ್ನಾಂನಲ್ಲೂ ಟರ್ಕಿಯಲ್ಲೂ ಬೋಣಿ ನಂಬುತ್ತಾರೆ, ನಮ್ಮ ಸಂತೆಯವರ ಹಾಗೇ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಹೋಗಿ, ಜಗ್ಗಾಡಿ, ಕೊಳ್ಳದೆ ಬರಬೇಡಿ. ಅದು ಅವರ ಇಡೀ ದಿನಕ್ಕೆ ನೋವು. ನಿಜವಾಗಿ ಕೊಳ್ಳುವುದಿದ್ದರೆ ಮಾತ್ರ ಆ ಹೊತ್ತಿಗೆ ಹೋಗಿ, ಬೆಲೆಯೂ ಸಲೀಸಾಗಿ ಇಳಿಯುತ್ತದೆ.

ಮನೆಮಂದಿಗೆಲ್ಲ ಉಡುಗೊರೆ ಬೇಕಿದ್ದರೆ ಚತುಚಕ್. ಅಗ್ಗವೇ ಮುಖ್ಯವಾದರೆ ಬೆನ್ ಥಾನ್. ನನಗಂತೂ ಗ್ರ್ಯಾಂಡ್ ಬಜಾರೇ ಇಷ್ಟ. ಭಾನುವಾರ ಮಾತ್ರ ಹೋಗಬೇಡಿ, ಅಂದು ಅದಕ್ಕೆ ರಜಾ. ಚತುಚಕ್‌ಗಾದರೆ ಶನಿವಾರ, ಭಾನುವಾರವೇ ಹೋಗಬೇಕು.